ಹಾಲು ಪರೀಕ್ಷಕಿ ಕೆಲಸ ಬಿಡದಂತೆ ನೋಡಿಕೊಳ್ಳುವುದು ಹೇಗೆ?



ಬೆಳಗಿನ ಆರು ಗಂಟೆ. ಕೊಟ್ಟಿಗೆ ಬಾಚಿ, ಹಾಲು ಕರೆದು, ಕ್ಯಾನು ಹಿಡಿದು ಸಂಘಕ್ಕೆ ಬಂದಿದ್ದೀರಿ. ಒಳಗೆ ದಿನವೂ ಇರುತ್ತಿದ್ದ ಪರೀಕ್ಷಕಿ ಇಲ್ಲ. ಯಂತ್ರ ಮುಟ್ಟಲೂ ಹೆದರುವ ಹೊಸ ಹುಡುಗಿ ನಿಂತಿದ್ದಾಳೆ. ಸಾಲು ಕದಲುತ್ತಿಲ್ಲ, ಹಾಲಿನ ಗಾಡಿ ಬರುವ ಹೊತ್ತಾಯಿತು. "ಅವಳು ಗಾರ್ಮೆಂಟ್ಸಿಗೆ ಸೇರಿಕೊಂಡಳಂತೆ" ಎನ್ನುತ್ತಾರೆ ಯಾರೋ.

ನೌಕರರನ್ನು ಉಳಿಸಿಕೊಳ್ಳುವುದು ದೊಡ್ಡ ಕಂಪನಿಗಳ ತಲೆನೋವು ಎಂದುಕೊಳ್ಳಬೇಡಿ. ನಮ್ಮ ಮಹಿಳಾ ಸಂಘದಲ್ಲಿ ಕಾರ್ಯದರ್ಶಿ, ಪರೀಕ್ಷಕಿ, ಸಹಾಯಕಿಗೆ ಕೆಲಸ ಕೊಡುವುದು ಆಡಳಿತ ಮಂಡಳಿ. ಆ ಮಂಡಳಿಯನ್ನು ಆರಿಸುವವರು ನೀವು.

ಅವರು ಹೋದರೆ ನಷ್ಟ ಯಾರಿಗೆ?

ನಷ್ಟ ನಿಮಗೇ. ಹಾಲನ್ನು ಚೆನ್ನಾಗಿ ಕಲಕದೆ ಮಾದರಿ ತೆಗೆದರೆ, ಕೆನೆ ಮೇಲೆ ತೇಲುವುದರಿಂದ ಫ್ಯಾಟ್ ತಪ್ಪಾಗಿ ಬರುತ್ತದೆ. ಯಂತ್ರವನ್ನು ಸರಿಯಾಗಿ ತೊಳೆಯದಿದ್ದರೆ ಅದು ತೋರಿಸುವ ಅಂಕಿಯನ್ನು ನಂಬುವಂತಿಲ್ಲ. ಅನುಭವ ಇರುವವಳು ಹುಳಿಯಾದ ಹಾಲನ್ನು ವಾಸನೆಯಲ್ಲೇ ಹಿಡಿಯುತ್ತಾಳೆ. ಅಂಥ ಒಂದು ಕ್ಯಾನು ಸೇರಿದರೆ ಎಲ್ಲರ ಹಾಲೂ ಕೆಡುತ್ತದೆ.

ಸರ್ಕಾರದ ಪ್ರೋತ್ಸಾಹಧನವನ್ನೇ ನೋಡಿ. ಲೀಟರಿಗೆ 5 ರೂಪಾಯಿ. ದಿನಕ್ಕೆ 8 ಲೀಟರ್ ಹಾಕುವವರಿಗೆ ತಿಂಗಳಿಗೆ 1,200 ರೂಪಾಯಿ. ಸಂಘದಲ್ಲಿ ಲೆಕ್ಕ ತಪ್ಪಿದರೆ ಆ ಹಣ ಖಾತೆಗೆ ಬರುವುದು ತಡವಾಗುತ್ತದೆ.

ಏಕೆ ಬಿಡುತ್ತಾರೆ?

ಸಂಬಳ ಕಡಿಮೆ ಎಂಬುದು ಒಂದು ಕಾರಣ, ಅದೊಂದೇ ಅಲ್ಲ. ಹಸುವಿಗೆ ಯುಗಾದಿ, ದೀಪಾವಳಿ ಗೊತ್ತಿಲ್ಲ. ವರ್ಷದ 365 ದಿನವೂ ಎರಡು ಹೊತ್ತು ಸಂಘದ ಬಾಗಿಲು ತೆರೆಯಬೇಕು. ಪರೀಕ್ಷಕಿಗೆ ತವರಿಗೆ ಹೋಗಲೂ ಬಿಡುವಿಲ್ಲ. ಫ್ಯಾಟ್ ಕಡಿಮೆ ಬಂದ ದಿನ ಸಾಲಿನಲ್ಲಿ ಎಲ್ಲರೆದುರು ಬೈಗುಳ ಬೇರೆ. ಒಬ್ಬ ನಿರ್ದೇಶಕಿ ಹೀಗೆ ಮಾಡು ಎಂದರೆ, ಇನ್ನೊಬ್ಬರು ಹಾಗೆ ಮಾಡು ಎನ್ನುತ್ತಾರೆ. ಸಂಬಳವೂ ಒಂದು ತಿಂಗಳು ಐದನೇ ತಾರೀಖು, ಮತ್ತೊಂದು ತಿಂಗಳು ಇಪ್ಪತ್ತಕ್ಕೆ.

ಏನು ಮಾಡಬಹುದು?

1. ಸಂಬಳಕ್ಕೆ ಒಂದು ತಾರೀಖು ಗೊತ್ತು ಮಾಡಿ, ಬ್ಯಾಂಕ್ ಖಾತೆಗೇ ಹಾಕಿ. ವರ್ಷಕ್ಕೊಮ್ಮೆ ಎಷ್ಟು ಏರಿಕೆ ಎಂಬುದನ್ನು ಸಭೆಯ ನಡಾವಳಿಯಲ್ಲಿ ಬರೆಯಿಸಿ. ಬಾಯಿಮಾತಿನ ಭರವಸೆ ಮಂಡಳಿ ಬದಲಾದಾಗ ಮರೆತುಹೋಗುತ್ತದೆ.

2. ಬದಲಿ ಕೈಯನ್ನು ತಯಾರು ಮಾಡಿ. ಓದು ಬರಹ ಬಲ್ಲ ಸದಸ್ಯೆಯೊಬ್ಬರಿಗೋ, ಅವರ ಸೊಸೆಗೋ ಕೆಲಸ ಕಲಿಸಿ, ಬಂದ ದಿನಕ್ಕೆ ಕೂಲಿ ಕೊಡಿ. ಆಗ ಪರೀಕ್ಷಕಿಗೆ ವಾರದ ರಜೆ ಸಿಗುತ್ತದೆ. ಬಾಣಂತನ, ಕಾಯಿಲೆ ಬಂದಾಗಲೂ ಸಂಘ ನಿಲ್ಲುವುದಿಲ್ಲ.

3. ಫ್ಯಾಟ್ ಜಗಳಕ್ಕೆ ನಿಯಮ ಮಾಡಿ. ಅನುಮಾನ ಬಂದರೆ ಸದಸ್ಯೆಯ ಎದುರೇ ಅದೇ ಮಾದರಿಯನ್ನು ಇನ್ನೊಮ್ಮೆ ಪರೀಕ್ಷಿಸಲಿ. ಆಗಲೂ ಒಪ್ಪಿಗೆ ಆಗದಿದ್ದರೆ ದೂರು ಪುಸ್ತಕದಲ್ಲಿ ಬರೆಯಲಿ, ಯಂತ್ರದ ತೊಂದರೆ ಎನಿಸಿದರೆ ಒಕ್ಕೂಟಕ್ಕೆ ತಿಳಿಸಿ. ಒಣ ಮೇವು ಕಡಿಮೆಯಾದರೂ, ಕೊನೆಯ ಹಾಲನ್ನು ಪೂರ್ತಿ ಕರೆಯದಿದ್ದರೂ ಫ್ಯಾಟ್ ಇಳಿಯುತ್ತದೆ. ಕೊನೆಯ ಹಾಲಿನಲ್ಲೇ ಕೊಬ್ಬು ಹೆಚ್ಚು. ಅದಕ್ಕೆ ಪರೀಕ್ಷಕಿಯನ್ನು ಬೈದರೆ ಪ್ರಯೋಜನವಿಲ್ಲ.

4. ಆದೇಶ ಒಬ್ಬರಿಂದಲೇ ಹೋಗಲಿ. ನಿರ್ದೇಶಕಿಯರು ತಮ್ಮ ಮಾತನ್ನು ಸಭೆಯಲ್ಲಿ ಹೇಳಲಿ, ಅಧ್ಯಕ್ಷೆ ಅದನ್ನು ನೌಕರರಿಗೆ ತಿಳಿಸಲಿ. ತಪ್ಪು ಮಾಡಿದರೆ ಕರೆದು ಕೂರಿಸಿ ಹೇಳಿ, ಒಳ್ಳೆಯ ಕೆಲಸ ಮಾಡಿದರೆ ಎಲ್ಲರೆದುರು ಹೇಳಿ.

5. ಭದ್ರತೆ ಕೊಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ. ಮೊದಲನೆಯದರಲ್ಲಿ ಅಪಘಾತದಿಂದ ಮರಣವಾದರೆ, ಎರಡನೆಯದರಲ್ಲಿ ಯಾವುದೇ ಕಾರಣದಿಂದ ಮರಣವಾದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ. ಜೀವನ ಜ್ಯೋತಿಗೆ 18ರಿಂದ 50 ವರ್ಷದೊಳಗೆ ಸೇರಬೇಕು. ಎರಡೂ ಸೇರಿ 456 ರೂಪಾಯಿಯನ್ನು ಸಂಘವೇ ಕಟ್ಟಲು ಮಂಡಳಿ ತೀರ್ಮಾನಿಸಬಹುದು. 18ರಿಂದ 40 ವರ್ಷದವರು, ಆದಾಯ ತೆರಿಗೆ ಕಟ್ಟದವರಾದರೆ, ಅಟಲ್ ಪಿಂಚಣಿ ಯೋಜನೆಗೂ ಸೇರಬಹುದು. 60 ವರ್ಷದ ನಂತರ, ಕಟ್ಟಿದ ಕಂತಿನಂತೆ ತಿಂಗಳಿಗೆ 1,000ದಿಂದ 5,000 ರೂಪಾಯಿ ಬರುತ್ತದೆ.

"ನಮ್ಮದು ಚಿಕ್ಕ ಸಂಘ, ಹಣ ಎಲ್ಲಿಂದ?"

ನಿಜ, ಗಾರ್ಮೆಂಟ್ಸಿನಷ್ಟು ಸಂಬಳ ಕೊಡಲು ಎಲ್ಲ ಸಂಘಗಳಿಗೂ ಆಗುವುದಿಲ್ಲ. ಆದರೆ ತಾರೀಖಿಗೆ ಸರಿಯಾಗಿ ಕೊಡಲು, ಮರ್ಯಾದೆಯಿಂದ ಮಾತನಾಡಲು, ಗೊಂದಲದ ಆದೇಶ ನಿಲ್ಲಿಸಲು ಹೆಚ್ಚು ಹಣ ಬೇಡ. ಊರಿನಲ್ಲೇ, ಮನೆಮಕ್ಕಳ ಹತ್ತಿರವೇ ಇರುವ ಕೆಲಸ ಅನೇಕ ಹೆಣ್ಣುಮಕ್ಕಳಿಗೆ ಬೇಕು. ಅದನ್ನು ತಾಳಿಕೊಳ್ಳುವಂತೆ ಮಾಡುವುದು ನಮ್ಮ ಕೈಯಲ್ಲಿದೆ.

ಹಾಗೆಂದು ಹೋಗುವವರನ್ನು ಸಂಬಳ ತಡೆದು ಕಟ್ಟಿಹಾಕಬೇಡಿ. ಬಾಕಿ ಚುಕ್ತಾ ಮಾಡಿ, ಹೊಸಬರಿಗೆ ಒಂದು ತಿಂಗಳು ಕಲಿಸಿಕೊಡುವಂತೆ ಕೇಳಿ, ಚೆನ್ನಾಗಿ ಕಳುಹಿಸಿಕೊಡಿ. ಉಳಿಸಿಕೊಳ್ಳುವುದೆಂದರೆ ಲೆಕ್ಕದಲ್ಲಿ ಮೋಸ ಮಾಡಿದವರನ್ನು ಸಹಿಸುವುದೂ ಅಲ್ಲ.

ಬೆದರಿದ ಹಸು ಸೊರ ಬಿಡುವುದಿಲ್ಲ ಎಂಬುದು ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಮನುಷ್ಯರೂ ಹಾಗೆಯೇ. ನಾಳೆ ಹಾಲು ಹಾಕುವಾಗ ನಿಮ್ಮ ಪರೀಕ್ಷಕಿಯನ್ನು "ಕೆಲಸದಲ್ಲಿ ಏನು ಕಷ್ಟ ಇದೆಯಮ್ಮಾ?" ಎಂದು ಕೇಳಿ. ಅವಳು ಹೇಳಿದ್ದನ್ನು ಮುಂದಿನ ಸಭೆಯಲ್ಲಿ ಇಡಿ.