ಜಪಾನಿನ ಗಾಲ್ಫ್ ಕೋಲು: ಹಣ ಎಲ್ಲಿಗೆ ಹೋಗುತ್ತದೆ, ಚೆಂಡು ಎಲ್ಲಿಗೆ ಹೋಗುತ್ತದೆ

ಜಪಾನಿನ ಗಾಲ್ಫ್ ಕ್ಲಬ್‌ಗಳೆಲ್ಲ ದುಬಾರಿ ಎಂಬುದೇ ಮೊದಲ ತಪ್ಪು ಕಲ್ಪನೆ. (ಗಾಲ್ಫಿನಲ್ಲಿ ಆಟಗಾರರ ಸಂಘಕ್ಕೂ ಚೆಂಡು ಹೊಡೆಯುವ ಕೋಲಿಗೂ ಕ್ಲಬ್ ಎಂದೇ ಹೆಸರು. ಇಲ್ಲಿ ಮಾತು ಕೋಲಿನದು. ಅದರ ದಂಡಕ್ಕೆ ಶಾಫ್ಟ್, ತುದಿಯ ತಲೆಗೆ ಹೆಡ್ ಎನ್ನುತ್ತಾರೆ. ಮೊದಲ ಉದ್ದ ಹೊಡೆತಕ್ಕೆ ಡ್ರೈವರ್, ನಡುದೂರಕ್ಕೆ ಉಕ್ಕಿನ ಹೆಡ್ಡಿನ ಐರನ್, ಹತ್ತಿರದಿಂದ ಎತ್ತಿ ಹೊಡೆಯಲು ವೆಜ್, ಚೆಂಡನ್ನು ಕುಳಿಗೆ ಉರುಳಿಸಲು ಪಟರ್.) ಒಸಾಕಾದಲ್ಲಿ 1906ರಲ್ಲಿ ಹುಟ್ಟಿದ ಮಿಜುನೊ ಕಂಪನಿಯ ಐರನ್‌ಗಳು ಅಮೆರಿಕದ ಟೈಟಲಿಸ್ಟ್, ಟೇಲರ್‌ಮೇಡ್ ಕಂಪನಿಗಳ ಅದೇ ದರ್ಜೆಯ ಐರನ್‌ಗಳ ಆಸುಪಾಸಿನ ಬೆಲೆಗೇ ಸಿಗುತ್ತವೆ. ಮಿಯುರಾ ಎಂಬ ಸಣ್ಣ ಕಾರ್ಖಾನೆಯ ಐರನ್ ಒಂದಕ್ಕೆ ಸುಮಾರು 300 ಡಾಲರ್, ಕೆಲವಕ್ಕೆ ಇನ್ನೂ ಹೆಚ್ಚು. ಹೊನ್ಮಾ ಕಂಪನಿಯ ‘ಬೆರೆಸ್’ ಸಾಲಿನ ಐದು ನಕ್ಷತ್ರ ದರ್ಜೆಯ ಪೂರ್ತಿ ಸೆಟ್ಟಿಗೆ ಹತ್ತಾರು ಸಾವಿರ ಡಾಲರ್ ಬೇಕು. ಆ ದುಡ್ಡಿಗೆ ಒಳ್ಳೆಯ ಕಾರೇ ಬರುತ್ತದೆ. ಈ ಮೂರನ್ನೂ ‘ಜಪಾನಿನದು’ ಎಂಬ ಒಂದೇ ಚೀಲಕ್ಕೆ ತುಂಬಿ, ಕೊಳ್ಳಬಹುದೇ ಬೇಡವೇ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ಕತ್ತಿಯ ಕಥೆ

ಜಪಾನೀ ಕೋಲುಗಳ ಸುತ್ತ ಹಬ್ಬಿರುವ ನಂಬಿಕೆಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ಸಮುರಾಯ್ ಕತ್ತಿಯದು. ಕತ್ತಿ ಬಡಿಯುತ್ತಿದ್ದ ಕಮ್ಮಾರರ ಗುಟ್ಟು ವಂಶಪಾರಂಪರ್ಯವಾಗಿ ಇಳಿದುಬಂದು ಇಂದಿನ ಐರನ್‌ನಲ್ಲಿ ನೆಲೆಸಿದೆ ಎಂದು ಅಂಗಡಿಯವರೂ ಆಟಗಾರರೂ ಹೇಳುವುದುಂಟು. ಇದರಲ್ಲಿ ಒಂದು ಎಳೆ ನಿಜವಿದೆ. ಹ್ಯೋಗೊ ಪ್ರಾಂತ್ಯದಲ್ಲಿ ಹಿಮೇಜಿಯ ಉತ್ತರಕ್ಕಿರುವ ಇಚಿಕಾವಾ ಎಂಬ ಪುಟ್ಟ ಊರು ಜಪಾನೀ ಐರನ್‌ನ ತವರು. ಆ ಸೀಮೆಯಲ್ಲಿ ಕಮ್ಮಾರಿಕೆ ಹಳೆಯ ಕಸುಬು, ಹಿಂದೆ ಕತ್ತಿಗಳೂ ಅಲ್ಲಿ ತಯಾರಾಗುತ್ತಿದ್ದವು. 1903ರಲ್ಲಿ ಕೋಬೆ ನಗರದ ರೊಕ್ಕೊ ಬೆಟ್ಟದ ಮೇಲೆ ದೇಶದ ಮೊದಲ ಗಾಲ್ಫ್ ಸಂಘ ಶುರುವಾಗಿತ್ತು. ಅಲ್ಲಿಂದ ದೂರವಲ್ಲದ ಇಚಿಕಾವಾದ ಕುಲುಮೆಗಳಲ್ಲಿ 1930ರ ಆಸುಪಾಸಿಗೆ ಸ್ವದೇಶಿ ಐರನ್ ಹೆಡ್‌ಗಳ ಕೆಲಸ ಆರಂಭವಾಯಿತು. ಮಿಯುರಾ ಕಾರ್ಖಾನೆ ಇರುವುದೂ ಇದೇ ಸೀಮೆಯಲ್ಲೇ.

ಆದರೆ ಕತ್ತಿಯ ವಿದ್ಯೆಗೂ ಐರನ್ ವಿದ್ಯೆಗೂ ಲೋಹದ ಮಟ್ಟದಲ್ಲಿ ಹೊಂದಾಣಿಕೆಯೇ ಇಲ್ಲ. ಕತ್ತಿಗೆ ಬೇಕಾದದ್ದು ಇಂಗಾಲ ಹೆಚ್ಚಿರುವ ಉಕ್ಕು. ಅದನ್ನು ಮಡಚಿ ಮಡಚಿ ಬಡಿದು, ಕಾಯಿಸಿ ನೀರಿಗದ್ದಿ ಅಲಗನ್ನು ಗಡುಸು ಮಾಡಬೇಕು. ಐರನ್‌ಗೆ ಬಳಸುವುದು ಇದಕ್ಕೆ ತದ್ವಿರುದ್ಧವಾದ ಮೆದು ಉಕ್ಕು. ಜಪಾನೀ ಮಾನಕದಲ್ಲಿ ‘ಎಸ್20ಸಿ’, ‘ಎಸ್25ಸಿ’ ಎಂದು ಕರೆಯುವ ಇದರಲ್ಲಿ ಇಂಗಾಲ ಶೇಕಡಾ 0.20 ಅಥವಾ 0.25ರಷ್ಟು ಮಾತ್ರ. ಕೆಂಪಗೆ ಕಾಯಿಸಿದ ಸರಳನ್ನು ಅಚ್ಚಿನೊಳಗಿಟ್ಟು ಭಾರೀ ಯಂತ್ರದಿಂದ ಗುದ್ದಿಸಿದರೆ ಹೆಡ್ಡಿನ ಆಕಾರ ಬರುತ್ತದೆ. ಆಮೇಲೆ ಸಾಣೆ, ಹೊಳಪು, ಲೇಪ. ಇಂಥ ಉಕ್ಕಿನಿಂದ ಕತ್ತಿ ಮಾಡಿದರೆ ಅಲಗು ನಿಲ್ಲುವುದಿಲ್ಲ. ಕಮ್ಮಾರನ ನಿಜವಾದ ಕೈಚಳಕ ಕಾಣುವುದು ಸಾಣೆಕಲ್ಲಿನ ಮುಂದೆ: ಹೆಡ್ಡಿನ ಅಡಿಭಾಗದ ಉಬ್ಬು, ಅಂಚಿನ ದಪ್ಪ, ಗ್ರಾಂ ಲೆಕ್ಕದ ತೂಕವನ್ನೆಲ್ಲ ಅಲ್ಲಿ ಕೈಯಿಂದ ತಿದ್ದುತ್ತಾರೆ. ಕತ್ತಿಯ ಕಥೆಗೆ ಇನ್ನೊಂದು ತಮಾಷೆಯ ಅಡ್ಡಿಯೂ ಇದೆ. ಜಗತ್ತಿನ ಹಲವು ಹೆಸರಾಂತ ಕಂಪನಿಗಳಿಗೆ ಐರನ್ ಬಡಿದುಕೊಟ್ಟಿರುವ, ‘ಎಪಾನ್’ ಎಂಬ ತನ್ನದೇ ದುಬಾರಿ ಹೆಸರನ್ನೂ ಹೊಂದಿರುವ ಎಂಡೊ ಕಾರ್ಖಾನೆ ಇರುವುದು ನಿಗಾತಾ ಪ್ರಾಂತ್ಯದ ತ್ಸುಬಾಮೆ ಪಟ್ಟಣದಲ್ಲಿ. ಆ ಊರು ಪ್ರಸಿದ್ಧವಾದದ್ದು ಊಟದ ಚಮಚ, ಫೋರ್ಕುಗಳಿಗೆ.

ಬಡಿದದ್ದೋ ಎರಕದ್ದೋ

ಬಡಿದು ಮಾಡಿದ ಐರನ್ ಚೆಂಡಿಗೆ ಮೆತ್ತಗೆ ತಾಗುತ್ತದೆ, ಎರಕ ಹೊಯ್ದದ್ದು ಒರಟು. ಹಾಗಾಗಿ ಹೆಚ್ಚು ಬೆಲೆ ನ್ಯಾಯವೇ ಎಂಬುದು ಮುಂದಿನ ನಂಬಿಕೆ. ಬೆಲೆಯ ಸಮರ್ಥನೆಯೆಲ್ಲ ಬಂದು ನಿಲ್ಲುವುದು ‘ಫೀಲ್’ ಎಂಬ ಈ ಒಂದು ಮಾತಿನ ಮೇಲೆಯೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಚೆಂಡೂ ಹೆಡ್ಡೂ ಒಂದಕ್ಕೊಂದು ತಾಗಿರುವ ಅವಧಿ ಸುಮಾರು ಅರ್ಧ ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಆ ಹೊತ್ತಿನಲ್ಲಿ ಅಪ್ಪಚ್ಚಿಯಾಗಿ ಮತ್ತೆ ಉಬ್ಬುವುದು ಚೆಂಡು. ಅದಕ್ಕೆ ಹೋಲಿಸಿದರೆ ಉಕ್ಕಿನ ಗಟ್ಟಿ ಹೆಡ್ಡು, ಮೆದುವಿರಲಿ ಗಡುಸಿರಲಿ, ಬಾಗುವುದು ಲೆಕ್ಕಕ್ಕಿಲ್ಲದಷ್ಟು. ಹೊಡೆತದ ನಡುಕ ಕೋಲಿನಲ್ಲಿ ಹರಿದು ಅಂಗೈ ಸೇರಿ, ಅಲ್ಲಿಂದ ನರದ ಮೂಲಕ ಮೆದುಳಿಗೆ ಮುಟ್ಟುವಷ್ಟರಲ್ಲಿ ಚೆಂಡು ಹೆಡ್ಡನ್ನು ಬಿಟ್ಟು ಗಜದಷ್ಟು ದೂರ ಹೋಗಿರುತ್ತದೆ. ಫೀಲ್ ಎಂಬುದು ಚೆಂಡು ಹೋದ ಮೇಲೆ ಬರುವ ವರದಿ. ಚೆಂಡಿನ ದಾರಿಯನ್ನು ಅದು ಬದಲಿಸಲಾರದು. ಆ ವರದಿಯೂ ಬಹುಪಾಲು ಬರುವುದು ಕಿವಿಯಿಂದ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನ, ಆಟಗಾರರು ಹೊಡೆತದ ಫೀಲ್ ಬಗ್ಗೆ ಹೇಳುವ ಮಾತಿಗೂ ಹೊಡೆತದ ಸದ್ದಿಗೂ ಗಟ್ಟಿ ಸಂಬಂಧವಿದೆ ಎಂದು ತೋರಿಸಿತು. ಆ ಸದ್ದನ್ನು ಹೆಚ್ಚಾಗಿ ನಿರ್ಧರಿಸುವುದು ಹೆಡ್ಡಿನ ಆಕಾರ, ಹಿಂಬದಿಯ ದಪ್ಪ ಮತ್ತು ಚೆಂಡು ತಾಗುವ ಜಾಗ.

ತಯಾರಕರ ಪ್ರಚಾರವನ್ನು ಪಕ್ಕಪಕ್ಕಕ್ಕಿಟ್ಟು ಓದಿದರೂ ಇದು ತಿಳಿಯುತ್ತದೆ. ಮಿಜುನೊ ಹಿರೋಷಿಮಾದಲ್ಲಿ ತಯಾರಾಗುವ ತನ್ನ ಐರನ್‌ಗಳನ್ನು ಹೊಗಳಿಕೊಳ್ಳುವುದು ಹೆಡ್ಡೂ ಕುತ್ತಿಗೆಯೂ ಒಂದೇ ಸರಳಿನಿಂದ ಬಂದಿವೆ, ಲೋಹದ ಎಳೆ ಎಲ್ಲೂ ಕಡಿದಿಲ್ಲ, ಆದ್ದರಿಂದಲೇ ಆ ಫೀಲ್ ಎಂದು. ಮಿಯುರಾ ಹೆಡ್ಡನ್ನೂ ಕುತ್ತಿಗೆಯನ್ನೂ ಬೇರೆಬೇರೆಯಾಗಿ ಮಾಡಿ, ಗರಗರನೆ ತಿರುಗಿಸಿದಾಗ ಹುಟ್ಟುವ ಕಾವಿನಲ್ಲಿ ಬೆಸೆಯುತ್ತದೆ. ಅದು ಹೆಮ್ಮೆಪಡುವುದು ಈ ಬೆಸುಗೆಯ ಬಗ್ಗೆಯೇ. ಎರಡೂ ವಿಧಾನಗಳು ಪರಸ್ಪರ ವಿರುದ್ಧ, ಎರಡನ್ನೂ ಫೀಲ್‌ಗಾಗಿ ಮೆಚ್ಚುವವರಿದ್ದಾರೆ. ಕಾರಣ ವಿಧಾನದ್ದೇ ಆಗಿದ್ದರೆ ಒಂದಾದರೂ ಸೋಲಬೇಕಿತ್ತು. ಇನ್ನು ಎರಕದ ಕಡೆ ನೋಡಿದರೆ, ಅಮೆರಿಕದ ಪಿಂಗ್ ಕಂಪನಿ ದಶಕಗಳಿಂದ ಬಹುತೇಕ ಎರಕದ ಐರನ್‌ಗಳನ್ನೇ ಮಾಡಿದೆ. 2012 ಮತ್ತು 2014ರಲ್ಲಿ ಅಮೆರಿಕದ ಪ್ರಮುಖ ಪಂದ್ಯಾವಳಿ ಮಾಸ್ಟರ್ಸ್ ಗೆದ್ದ ಬಬ್ಬಾ ವಾಟ್ಸನ್ ಪಿಂಗ್ ಆಟಗಾರ. 1997ರ ಮಾಸ್ಟರ್ಸ್‌ನಲ್ಲಿ ಟೈಗರ್ ವುಡ್ಸ್ ಚೀಲದಲ್ಲಿದ್ದದ್ದು ಮಿಜುನೊ ಐರನ್ ಎಂಬುದೂ ಅಷ್ಟೇ ನಿಜ.

ಮೆದು ಉಕ್ಕಿಗೆ ಒಂದು ನಿಜವಾದ ಅನುಕೂಲವಿದೆ, ಜಾಹೀರಾತಿನಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಅದನ್ನು ಬಗ್ಗಿಸಬಹುದು. ಆಟಗಾರನ ಎತ್ತರಕ್ಕೂ ನಿಲುವಿಗೂ ತಕ್ಕಂತೆ ಹೆಡ್ಡಿನ ಕೋನವನ್ನು ಒಂದೆರಡು ಡಿಗ್ರಿ ತಿದ್ದುವುದು ಮೆದು ಐರನ್‌ನಲ್ಲಿ ಸುಲಭ, ಗಡುಸು ಸ್ಟೇನ್‌ಲೆಸ್ ಎರಕದಲ್ಲಿ ಕಷ್ಟ.

ದೂರದ ಲೆಕ್ಕ

ಹಣ ಹೆಚ್ಚು ಕೊಟ್ಟರೆ ಚೆಂಡು ಹೆಚ್ಚು ದೂರ ಹೋಗುತ್ತದೆಯೇ? ಡ್ರೈವರ್ ಮಟ್ಟಿಗೆ ಇದಕ್ಕೆ ಉತ್ತರ ನಿಯಮದ ಪುಸ್ತಕದಲ್ಲೇ ಇದೆ. ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಆರ್ ಅಂಡ್ ಎ ಸಂಸ್ಥೆಗಳು ಡ್ರೈವರ್ ಮುಖ ಎಷ್ಟು ಪುಟಿಯಬಹುದು ಎಂಬುದಕ್ಕೆ ಮಿತಿ ಹಾಕಿವೆ. ಲೋಲಕವೊಂದನ್ನು ಮುಖಕ್ಕೆ ತಾಗಿಸಿ ಅಳೆದಾಗ ತಾಗುವ ಅವಧಿ 239 ಮೈಕ್ರೊಸೆಕೆಂಡು, ಅಳತೆಯ ಸಡಿಲಿಕೆ ಸೇರಿ 257 ಮೀರಬಾರದು. ಹೆಡ್ಡಿನ ಗಾತ್ರಕ್ಕೂ 460 ಘನ ಸೆಂಟಿಮೀಟರಿನ ಮಿತಿಯಿದೆ. ಸಾಧಾರಣ ಬೆಲೆಯ ಡ್ರೈವರ್‌ಗಳೂ ಇಂದು ಈ ಗೆರೆಯ ಅಂಚಿನಲ್ಲೇ ನಿಂತಿವೆ. ಚಿನ್ನ ಹಚ್ಚಿದ ಮಾತ್ರಕ್ಕೆ ಗೆರೆ ಮುಂದೆ ಸರಿಯುವುದಿಲ್ಲ. ಗೆರೆ ದಾಟಿದ ‘ಹೈ ರಿಪಲ್ಷನ್’ ಡ್ರೈವರ್‌ಗಳು ಜಪಾನಿನಲ್ಲಿ ಮುಖ್ಯವಾಗಿ ವಯಸ್ಸಾದವರಿಗಾಗಿ ಮಾರಾಟವಾಗುತ್ತವೆ. ಅವುಗಳಿಂದ ದೂರ ಸಿಗುವುದು ಹೌದು, ಆದರೆ ನಿಯಮಬದ್ಧ ಸ್ಪರ್ಧೆಯಲ್ಲಿ ಬಳಸುವಂತಿಲ್ಲ.

ಐರನ್‌ಗಳಲ್ಲಿ ದೂರದ ಮಾಯೆ ಬೇರೆ ಬಗೆಯದು. ಹೆಡ್ಡಿನ ಮುಖ ಹಿಂದಕ್ಕೆ ವಾಲಿರುವ ಕೋನಕ್ಕೆ ಲಾಫ್ಟ್ ಎನ್ನುತ್ತಾರೆ. ಅದು ಕಡಿಮೆಯಾದಷ್ಟೂ ಚೆಂಡು ತಗ್ಗಾಗಿ, ದೂರಕ್ಕೆ ಹಾರುತ್ತದೆ. ಮೂವತ್ತು ವರ್ಷದ ಹಿಂದೆ 7ನೇ ಐರನ್‌ಗೆ 35, 36 ಡಿಗ್ರಿ ಲಾಫ್ಟ್ ಇರುತ್ತಿತ್ತು. ಇಂದು ಹವ್ಯಾಸಿಗಳಿಗೆಂದು ಮಾಡಿದ ಹಲವು 7ನೇ ಐರನ್‌ಗಳಲ್ಲಿ ಅದು 30ಕ್ಕಿಂತ ಕೆಳಗಿದೆ. ಅಂದರೆ ಹಳೆಯ 5ನೇ ಐರನ್ ಮೇಲೆ 7 ಎಂದು ಅಚ್ಚು ಹಾಕಿದಂತೆ. ಜಪಾನೀ ಕಂಪನಿಗಳು ಮಾತ್ರವಲ್ಲ, ಅಮೆರಿಕದವರೂ ಇದನ್ನೇ ಮಾಡುತ್ತಾರೆ. ಅಂಗಡಿಯಲ್ಲಿ ಹೊಸ ಸೆಟ್ಟಿನ 7ನೇ ಐರನ್ ಹದಿನೈದು ಗಜ ಹೆಚ್ಚು ಹೊಡೆಯಿತೆಂದು ಹಿಗ್ಗುವವರು ಕೋಲಿನ ಮೇಲಿನ ಅಂಕಿಯನ್ನು ಬಿಟ್ಟು ಲಾಫ್ಟ್ ಅಂಕಿಯನ್ನು ಕೇಳಬೇಕು.

ಹಾಗೆಂದು ಜಪಾನೀ ವಿನ್ಯಾಸದಿಂದ ಯಾರಿಗೂ ದೂರ ಸಿಗುವುದಿಲ್ಲ ಎನ್ನುವಂತಿಲ್ಲ. ವೃತ್ತಿಪರ ಪುರುಷ ಆಟಗಾರ ಡ್ರೈವರ್ ಬೀಸುವ ವೇಗ ಸೆಕೆಂಡಿಗೆ ಸುಮಾರು 51 ಮೀಟರ್. ಸಾಮಾನ್ಯ ಹವ್ಯಾಸಿಯದು 40ರ ಆಸುಪಾಸು. ಈ ನಿಧಾನದ ಬೀಸಿಗೆಂದೇ 2000ದಲ್ಲಿ ಸುಮಿಟೊಮೊ ರಬ್ಬರ್ ಕಂಪನಿ ‘ಝೆಕ್ಸಿಯೊ’ ಹೆಸರಿನ ಹಗುರ ಕ್ಲಬ್‌ಗಳನ್ನು ತಂದಿತು. ತೋಳಿನ ಬಲ ಕುಗ್ಗಿದ ಆಟಗಾರನಿಗೆ ಹಗುರ ಕೋಲಿನಿಂದ ವೇಗ ಹೆಚ್ಚುವುದುಂಟು. ಅದೇ ಕೋಲು ಜೋರಾಗಿ ಬೀಸುವ ಯುವಕನ ಕೈಯಲ್ಲಿ ಹತೋಟಿ ತಪ್ಪುತ್ತದೆ. ಶಾಫ್ಟಿನ ಗಟ್ಟಿತನ ಸೂಚಿಸುವ ‘ಆರ್’, ‘ಎಸ್’ ಅಕ್ಷರಗಳಿಗೆ ಅಂತರರಾಷ್ಟ್ರೀಯ ಮಾನದಂಡವಿಲ್ಲ. ಜಪಾನಿನ ಪೇಟೆಗೆ ಮಾಡಿದ ‘ಎಸ್’ ಅಮೆರಿಕದ ‘ಎಸ್’ಗಿಂತ ಮೆದುವಾಗಿರುವುದು ಸಾಮಾನ್ಯ. ಅಕ್ಷರ ನೋಡಿ ತರಿಸಿಕೊಂಡವರು ಎಡವುವುದು ಇಲ್ಲೇ.

ನಕ್ಷತ್ರದ ಬೆಲೆ

2016ರ ನವೆಂಬರಿನಲ್ಲಿ ಜಪಾನಿನ ಪ್ರಧಾನಿ ಶಿಂಜೊ ಅಬೆ ನ್ಯೂಯಾರ್ಕಿಗೆ ಹೋಗಿ, ಆಗಷ್ಟೇ ಚುನಾವಣೆ ಗೆದ್ದಿದ್ದ ಡೊನಾಲ್ಡ್ ಟ್ರಂಪ್‌ಗೆ ಹೊನ್ಮಾ ಬೆರೆಸ್ ಸಾಲಿನ ಚಿನ್ನದ ಬಣ್ಣದ ಡ್ರೈವರ್ ಉಡುಗೊರೆ ಕೊಟ್ಟರು. ಅದರ ಬೆಲೆ ಸುಮಾರು 3,800 ಡಾಲರ್ ಎಂದು ಪತ್ರಿಕೆಗಳು ಬರೆದವು. ಉಡುಗೊರೆಯಾಗಿ ಅದು ಚೆನ್ನಾಗಿಯೇ ಕೆಲಸ ಮಾಡಿತು; ಈ ಸಾಲಿನ ಸ್ವಭಾವವೂ ಅದೇ. ಹೊನ್ಮಾದಲ್ಲಿ ನಕ್ಷತ್ರ ಎರಡರಿಂದ ಐದಕ್ಕೆ ಏರುತ್ತಿದ್ದಂತೆ ಶಾಫ್ಟಿಗೆ ಸುತ್ತುವ ಕಾರ್ಬನ್ ಹಾಳೆಯ ದರ್ಜೆಯೂ, ಚಿನ್ನ, ಪ್ಲಾಟಿನಂ ಅಲಂಕಾರವೂ ಏರುತ್ತವೆ. ಮೊದಲನೆಯದರಿಂದ ಆಟಕ್ಕೆ ಅಷ್ಟಿಷ್ಟು ಪ್ರಯೋಜನವುಂಟು, ಎರಡನೆಯದು ಕಣ್ಣಿಗೆ. ಅಪ್ಪಟ ಜಪಾನೀ ಎಂಬ ಮಾತನ್ನೂ ಇಲ್ಲಿ ಸ್ವಲ್ಪ ಸಡಿಲಿಸಬೇಕು. ಯಾಮಾಗಾತಾ ಪ್ರಾಂತ್ಯದ ಸಕಾತಾದಲ್ಲಿ ಹೊನ್ಮಾ ಕಾರ್ಖಾನೆ ಇರುವುದು ನಿಜ, ಆದರೆ 2010ರಲ್ಲೇ ಕಂಪನಿ ಚೀನಾದ ಉದ್ಯಮಿಯ ಕೈಸೇರಿ 2016ರಲ್ಲಿ ಹಾಂಗ್‌ಕಾಂಗ್ ಷೇರುಪೇಟೆ ಪ್ರವೇಶಿಸಿತು. ಜಗತ್ತಿನ ಗಾಲ್ಫ್ ಹೆಡ್‌ಗಳಲ್ಲಿ ದೊಡ್ಡ ಪಾಲು ತಯಾರಾಗುವುದೂ ಚೀನಾ, ವಿಯೆಟ್ನಾಂಗಳಲ್ಲಿ. ಜಪಾನೀ ಹೆಸರು ಹೊತ್ತ ಹಲವು ಹೆಡ್‌ಗಳೂ ಇದರಲ್ಲಿ ಸೇರಿವೆ.

ಇಂಗ್ಲೆಂಡಿನ ಜಸ್ಟಿನ್ ರೋಸ್ 2019ರ ಆರಂಭದಲ್ಲಿ ವಿಶ್ವದ ಮೊದಲ ಸ್ಥಾನದಲ್ಲಿದ್ದಾಗಲೇ ಹೊನ್ಮಾಗೆ ಬಂದು, ಅದೇ ಜನವರಿಯಲ್ಲಿ ಟಾರಿ ಪೈನ್ಸ್‌ನಲ್ಲಿ ಪಂದ್ಯ ಗೆದ್ದರು. ಅವರ ಹೊನ್ಮಾ ಕೋಲುಗಳು ಬೆರೆಸ್ ಅಲ್ಲ, ಸಾದಾ ‘ಟಿಡಬ್ಲ್ಯು’ ಸಾಲಿನವು. ಮರುವರ್ಷವೇ ಒಪ್ಪಂದ ಮುರಿದುಬಿತ್ತು.

ಸ್ಕೋರ್ ತಗ್ಗುವುದು ಎಲ್ಲಿ

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ವೃತ್ತಿಪರರ ಲಕ್ಷಾಂತರ ಹೊಡೆತಗಳನ್ನು ಲೆಕ್ಕ ಹಾಕಿ, ಅಗ್ರ ಆಟಗಾರರ ಮುನ್ನಡೆಯಲ್ಲಿ ಸುಮಾರು ಶೇಕಡಾ 40 ಬರುವುದು ಗ್ರೀನ್ (ಕುಳಿಯ ಸುತ್ತಲಿನ ನಯವಾದ ಹುಲ್ಲು) ಕಡೆಗೆ ದೂರದಿಂದ ಹೊಡೆಯುವ ಹೊಡೆತಗಳಿಂದ ಎಂದು ತೋರಿಸಿದರು. ಅಂದರೆ ಐರನ್ ಮುಖ್ಯವೇ. ಆದರೆ ಅಲ್ಲಿ ಬೇಕಾದದ್ದು ಪ್ರತಿ ಸಲವೂ ಒಂದೇ ದೂರ, ಒಂದೇ ದಿಕ್ಕು. ಅದಕ್ಕೆ ಅಭ್ಯಾಸದ ಜೊತೆಗೆ ಕೋಲಿನ ಉದ್ದ, ಕೋನ, ತೂಕ ಆಟಗಾರನ ಮೈಗೆ ಹೊಂದಬೇಕು. ಈ ‘ಫಿಟ್ಟಿಂಗ್’ ಇಲ್ಲದ ದುಬಾರಿ ಸೆಟ್ಟಿಗಿಂತ ಫಿಟ್ಟಿಂಗ್ ಮಾಡಿಸಿದ ಸಾಧಾರಣ ಸೆಟ್ಟು ಮೇಲು. ದೂರವೇ ಎಲ್ಲವೂ ಅಲ್ಲ. ಬೆಂಗಳೂರಿನ ಆಟಗಾರ್ತಿ ಅದಿತಿ ಅಶೋಕ್ 2021ರಲ್ಲಿ ಜಪಾನಿನದೇ ನೆಲದಲ್ಲಿ, ಸೈತಾಮಾದ ಕಸುಮಿಗಸೆಕಿ ಅಂಗಳದಲ್ಲಿ ಒಲಿಂಪಿಕ್ ಪದಕವನ್ನು ಒಂದೇ ಹೊಡೆತದಿಂದ ತಪ್ಪಿಸಿಕೊಂಡು ನಾಲ್ಕನೆಯವರಾದರು. ಕಣದಲ್ಲಿದ್ದವರಲ್ಲಿ ಡ್ರೈವರ್ ದೂರ ಅತಿ ಕಡಿಮೆಯಿದ್ದ ಕೆಲವರಲ್ಲಿ ಅವರೂ ಒಬ್ಬರು. ಆ ಕೊರತೆಯನ್ನು ತುಂಬಿದ್ದು ಪಟರ್.

ಜಪಾನಿಗೆ ಹಣ ಕೊಡಲೇಬೇಕೆಂದಿದ್ದರೆ ಅದಕ್ಕೆ ಅತಿ ಗಟ್ಟಿ ಕಾರಣ ಶಾಫ್ಟ್. ಕಾರ್ಬನ್ ನಾರಿನ ಉದ್ಯಮದಲ್ಲಿ ಆ ದೇಶ ಮುಂಚೂಣಿಯಲ್ಲಿದೆ. ಫುಜಿಕುರಾ, ಮಿತ್ಸುಬಿಷಿ, ಗ್ರಾಫೈಟ್ ಡಿಸೈನ್ ಕಂಪನಿಗಳ ಶಾಫ್ಟ್‌ಗಳು ಅಮೆರಿಕದ ಹೆಡ್ ಹಿಡಿದ ವೃತ್ತಿಪರರ ಚೀಲದಲ್ಲೂ ಇರುತ್ತವೆ. ನಾಗಾನೊ ಪ್ರಾಂತ್ಯದ ಕೊಮಾಗಾನೆಯಲ್ಲಿ ಕಾರ್ಖಾನೆಯಿರುವ ನಿಪ್ಪಾನ್ ಶಾಫ್ಟ್‌ನ ಉಕ್ಕಿನ ‘950ಜಿಎಚ್’ ತೂಗುವುದು 95 ಗ್ರಾಂ ಆಸುಪಾಸು. ಹಳೆಯ ಬಗೆಯ ಉಕ್ಕಿನ ಶಾಫ್ಟ್ 130ರ ಹತ್ತಿರ. ಕೈಗೆ ತಿಳಿಯುವ, ಅಳೆದು ತೋರಿಸಬಹುದಾದ ವ್ಯತ್ಯಾಸ ಇದು. ಇದನ್ನು ಪಡೆಯಲು ಚಿನ್ನದ ಹೆಡ್ಡು ಬೇಕಿಲ್ಲ.

ಬಾಳಿಕೆ

ದುಬಾರಿಯಾದದ್ದು ಹೆಚ್ಚು ಕಾಲ ಬಾಳುತ್ತದೆ ಎಂಬ ನಂಬಿಕೆ ಐರನ್‌ಗಳ ಮಟ್ಟಿಗೆ ತಲೆಕೆಳಗು. ಮೆದು ಉಕ್ಕು ಚೀಲದೊಳಗೆ ಒಂದಕ್ಕೊಂದು ತಾಗಿಯೇ ತಗ್ಗುಬೀಳುತ್ತದೆ. ಗಟ್ಟಿ ನೆಲದ ಚಾಪೆಯ ಮೇಲೆ ದಿನವೂ ಹೊಡೆದು ಅಭ್ಯಾಸ ಮಾಡಿದರೆ ಲಾಫ್ಟ್ ಕೋನ ಮೆಲ್ಲನೆ ಬದಲಾಗಬಹುದು, ಆದ್ದರಿಂದ ವರ್ಷಕ್ಕೊಮ್ಮೆ ಅಳೆಸಿ ಸರಿಪಡಿಸಿಕೊಳ್ಳುವವರಿದ್ದಾರೆ. ಲೇಪವಿಲ್ಲದ ವೆಜ್ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಅದರಿಂದ ಆಟಕ್ಕೆ ತೊಂದರೆಯೇನೂ ಇಲ್ಲ. ಮುಖದ ಮೇಲಿನ ಗೀರುಗಳು ಸವೆದರೆ ಮಾತ್ರ ಚೆಂಡಿನ ತಿರುಗಣೆ ಕುಗ್ಗುತ್ತದೆ, ಮರಳಿನಲ್ಲಿ ಹೆಚ್ಚು ಬಳಕೆಯಾಗುವ ವೆಜ್‌ಗಳಲ್ಲಿ ಇದು ಬೇಗ ಆಗುತ್ತದೆ. ಇಚಿಕಾವಾದಲ್ಲಿ ಕೈಯಿಂದ ಸಾಣೆ ಹಿಡಿದ ವೆಜ್ ಆದರೂ, ಗೀರು ಸವೆದ ಮೇಲೆ ಬದಲಿಸಬೇಕಾದದ್ದೇ.