ಕಾರಿನ ಸ್ವಯಂ ದುರಸ್ತಿ ಮತ್ತು ಬಿಡಿಭಾಗಗಳು

ಕಾರಿನ ಸ್ವಯಂ ದುರಸ್ತಿ ಎಂದರೆ ವಾಹನದ ಸಣ್ಣಪುಟ್ಟ ದೋಷಗಳನ್ನು ಮಾಲೀಕರು ತಾವೇ ಸರಿಪಡಿಸಿಕೊಳ್ಳುವುದು. ವೈಪರ್, ಏರ್ ಫಿಲ್ಟರ್, ಫ್ಯೂಸ್ ಹಾಗೂ ಬಲ್ಬುಗಳ ಬದಲಾವಣೆ ಇದಕ್ಕೆ ಉದಾಹರಣೆ. ಬ್ರೇಕ್, ಸ್ಟಿಯರಿಂಗ್ ಮತ್ತು ಏರ್‌ಬ್ಯಾಗ್‌ಗಳ ಕೆಲಸವನ್ನು ನುರಿತ ಮೆಕ್ಯಾನಿಕ್‌ಗಳಿಗೇ ಒಪ್ಪಿಸಬೇಕು.

ಬೆಂಗಳೂರಿನಲ್ಲಿ ಬಿಡಿಭಾಗಗಳ ಮಾರಾಟಕ್ಕೆ ಹೆಸರಾದದ್ದು ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜೆ.ಸಿ. ರಸ್ತೆ. ಯಲಹಂಕ, ಹೆಬ್ಬಾಳ, ಯಶವಂತಪುರಗಳ ವಾಹನ ಮಾಲೀಕರೂ ಇಲ್ಲಿಗೆ ಬರುತ್ತಾರೆ. ಮಾರುತಿ 800 ಮತ್ತು ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿ ನಿಂತಿತು. ಇಂತಹ ಹಳೆಯ ಕಾರುಗಳನ್ನು ಉಳಿಸಿಕೊಂಡವರಿಗೆ ಈ ಮಾರುಕಟ್ಟೆ ವಿಶೇಷವಾಗಿ ಉಪಯುಕ್ತ.

ಒಂದೇ ಮಾದರಿಯ ಕಾರಿನಲ್ಲಿಯೂ ತಯಾರಿಕೆಯ ವರ್ಷಕ್ಕೆ ಅನುಗುಣವಾಗಿ ಬಿಡಿಭಾಗಗಳು ಬದಲಾಗುವುದುಂಟು. ಆದ್ದರಿಂದ ಕೊಳ್ಳುವಾಗ ನೋಂದಣಿ ಪತ್ರದಲ್ಲಿರುವ ಚಾಸಿಸ್ ಸಂಖ್ಯೆಯನ್ನು ತಿಳಿಸಿ, ಹೊಸ ಭಾಗದ ಸಂಖ್ಯೆಯನ್ನು ಹಳೆಯದರೊಂದಿಗೆ ಹೋಲಿಸಿ ನೋಡಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರುವುದನ್ನು ಗಮನಿಸಿ ರಸೀದಿ ಪಡೆಯಬೇಕು. ನಕಲಿ ಬ್ರೇಕ್ ಪ್ಯಾಡು ನೋಡಲು ಅಸಲಿಯಂತೆಯೇ ಇದ್ದರೂ ಬಿಸಿಯಾದಾಗ ಹಿಡಿತ ಕಳೆದುಕೊಳ್ಳಬಹುದು. ಅಲ್ಪ ಉಳಿತಾಯಕ್ಕೆ ಜೀವವನ್ನೇ ತೆರಬೇಕಾದೀತು.

ಚಕ್ರ ಬಿಚ್ಚುವಾಗ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಕೈಬ್ರೇಕ್ ಹಾಕಬೇಕು. ಕೇವಲ ಜ್ಯಾಕಿನ ಆಧಾರದಲ್ಲಿರುವ ಕಾರಿನ ಅಡಿಯಲ್ಲಿ ಎಂದಿಗೂ ನುಸುಳಬಾರದು.