ಕುಬಸದ ಮಣೆಯ ಮೇಲೆ ಮೂರು ತಲೆಮಾರು

ರಬಕವಿಯ ಓಣಿಗಳಲ್ಲಿ ಕಾಲಿಟ್ಟವರಿಗೆ ಮೊದಲು ಕೇಳಿಸುವುದು ಮಗ್ಗದ ಸಪ್ಪಳ. ನಾನು ಹುಟ್ಟಿ ಬೆಳೆದದ್ದು ಆ ಸಪ್ಪಳದಲ್ಲಿಯೇ. ನಮ್ಮ ಮನೆಯಲ್ಲಿ ಮಗ್ಗ ಸುಮ್ಮನಾಗುತ್ತಿದ್ದ ದಿನಗಳು ಬೆರಳೆಣಿಕೆಯವು. ಬಸುರಿಯ ಕುಬಸದ ದಿನ ಅವುಗಳಲ್ಲೊಂದು. ಏಳನೆಯ ತಿಂಗಳಲ್ಲಿ ತವರಿನವರು ಬಂದು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮಣೆಯ ಮೇಲೆ ಕೂಡ್ರಿಸಿ ಉಡಿ ತುಂಬುತ್ತಿದ್ದರು. ಮಣೆಯ ಮೇಲೆ ಎಷ್ಟು ಜೀವಗಳಿವೆ ಎಂದು ಯಾರಾದರೂ ಕೇಳಿದ್ದರೆ ತಾಯಿ ಒಬ್ಬಳು, ಹೊಟ್ಟೆಯೊಳಗಿನ ಕೂಸು ಒಂದು, ಒಟ್ಟು ಎರಡು ಎನ್ನುತ್ತಿದ್ದೆವು. ಶರೀರಶಾಸ್ತ್ರದ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ಕೂಸು ಹೆಣ್ಣಾಗಿದ್ದರೆ ಅಲ್ಲಿ ಮೂರನೆಯ ತಲೆಮಾರಿನ ಬೀಜವೂ ಕುಳಿತಿರುತ್ತದೆ.

ಈ ಮಾತು ಕವಿಯ ಉತ್ಪ್ರೇಕ್ಷೆಯಲ್ಲ. ಹೆಣ್ಣು ಭ್ರೂಣದ ಅಂಡಾಶಯಗಳಲ್ಲಿ ಅಂಡಾಣುಗಳು ಗರ್ಭದಲ್ಲಿಯೇ ರೂಪುಗೊಳ್ಳುತ್ತವೆ. ಐದನೆಯ ತಿಂಗಳ ಸುಮಾರಿಗೆ ಅವುಗಳ ಸಂಖ್ಯೆ 60ರಿಂದ 70 ಲಕ್ಷ. ಆಮೇಲೆ ಆ ಸಂಖ್ಯೆ ಇಳಿಯುವುದೇ ಹೊರತು ಏರುವುದಿಲ್ಲ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷ. ಅವುಗಳಲ್ಲಿ ಪಕ್ವವಾಗಿ ಹೊರಬೀಳುವವು ಇಡೀ ಆಯುಷ್ಯದಲ್ಲಿ ನಾಲ್ಕುನೂರು ಐನೂರು ಮಾತ್ರ. ಪ್ರತಿ ಅಂಡಾಣುವೂ ತನ್ನ ವಿಭಜನೆಯನ್ನು ಗರ್ಭದಲ್ಲಿ ಆರಂಭಿಸಿ, ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೆ ಬಿಟ್ಟಂತೆ ನಡುವೆ ನಿಲ್ಲಿಸಿ, ಹದಿನೈದು ವರ್ಷವೋ ನಲವತ್ತು ವರ್ಷವೋ ಕಾದಿರುತ್ತದೆ. ನನ್ನ ಅಜ್ಜಿ ನನ್ನ ತಾಯಿಯನ್ನು ಹೊತ್ತು ಮಣೆಯ ಮೇಲೆ ಕುಳಿತ ದಿನ, ನಾನು ಮೂಡಿ ಬಂದ ಆ ಕಣವೂ ಅವಳ ಉಡಿಯಲ್ಲಿತ್ತು.

ಇನ್ನೂ ಹಿಂದಕ್ಕೆ ಹೋಗೋಣ. ಆರನೆಯ ವಾರದವರೆಗೆ ಭ್ರೂಣದ ಜನನಾಂಗಗಳ ರಚನೆಯಲ್ಲಿ ಗಂಡು-ಹೆಣ್ಣಿನ ಭೇದವೇ ಇಲ್ಲ. ಪ್ರತಿಯೊಂದು ಭ್ರೂಣದಲ್ಲಿಯೂ ಎರಡು ಜೊತೆ ನಾಳಗಳು ಸಿದ್ಧವಾಗುತ್ತವೆ. ವೈ ಎಂಬ ವರ್ಣತಂತು ಇದ್ದರೆ ಏಳನೆಯ ವಾರದ ಹೊತ್ತಿಗೆ ವೃಷಣಗಳು ರೂಪುಗೊಳ್ಳತೊಡಗುತ್ತವೆ. ಒಂದು ಜೊತೆ ನಾಳ ಬೆಳೆದು ವೀರ್ಯನಾಳವಾಗುತ್ತದೆ, ಇನ್ನೊಂದು ಕರಗುತ್ತದೆ. ಅದಿಲ್ಲದಿದ್ದರೆ ಅಂಡಾಶಯ ಬೆಳೆದು, ಆ ಇನ್ನೊಂದು ಜೊತೆಯೇ ಅಂಡನಾಳಗಳೂ ಗರ್ಭಕೋಶವೂ ಆಗುತ್ತದೆ. ಆ ವೈ ತಂತು ಬರುವುದು ತಂದೆಯಿಂದ ಮಾತ್ರ. ತಾಯಿಯ ಬಳಿ ಅದು ಇಲ್ಲವೇ ಇಲ್ಲ. ವಿಜ್ಞಾನ ಇದನ್ನು 1905ರಲ್ಲಿಯೇ ಕಂಡುಕೊಂಡಿತು. ಆದರೂ ಮೂರನೆಯ ಹೆಣ್ಣು ಹೆತ್ತವಳನ್ನು ಹಂಗಿಸುವ ನಾಲಗೆ ನಮ್ಮ ಓಣಿಗಳಲ್ಲಿ ಇನ್ನೂ ಸುಮ್ಮನಾಗಿಲ್ಲ.

ಹುಟ್ಟಿದ ಮೇಲೆ ಈ ಅಂಗಗಳು ಬಹುಕಾಲ ನಿದ್ರಿಸುತ್ತವೆ. ಹೆಣ್ಣುಮಕ್ಕಳಲ್ಲಿ ಎಂಟರಿಂದ ಹದಿಮೂರು, ಗಂಡುಮಕ್ಕಳಲ್ಲಿ ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಮಿದುಳಿನಿಂದ ಹೊರಟ ಸೂಚನೆ ಅದರ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ. ಅದು ಅಂಡಾಶಯವನ್ನೋ ವೃಷಣವನ್ನೋ ಎಬ್ಬಿಸುತ್ತದೆ. ಎಳೆಯ ಹುಡುಗಿಯಲ್ಲಿ ಕಿರಿದಾಗಿದ್ದ ಗರ್ಭಕೋಶ ಬೆಳೆದು ಏಳೆಂಟು ಸೆಂಟಿಮೀಟರ್ ಉದ್ದದ ಗಟ್ಟಿ ಸ್ನಾಯುವಿನ ಚೀಲವಾಗುತ್ತದೆ. ತಿಂಗಳಿಗೊಮ್ಮೆ ಅದರ ಒಳಪದರು ಬರಲಿರುವ ಕೂಸಿಗಾಗಿ ಹಾಸಿಗೆ ಹಾಸುತ್ತದೆ. ಕೂಸು ಬರದಿದ್ದರೆ ಆ ಹಾಸಿಗೆಯನ್ನು ಕಳಚಿಹಾಕುತ್ತದೆ. ಮುಟ್ಟು ಎಂದರೆ ಇಷ್ಟೇ. ಇದರಲ್ಲಿ ಮೈಲಿಗೆಯೆಲ್ಲಿದೆ?

ಬಸಿರಿನಲ್ಲಿ ಇದೇ ಚೀಲದ ಸಾಮರ್ಥ್ಯ ಬೆರಗು ಹುಟ್ಟಿಸುವಂಥದು. ಸುಮಾರು 60 ಗ್ರಾಂ ತೂಕದ ಗರ್ಭಕೋಶ ಒಂಬತ್ತು ತಿಂಗಳಲ್ಲಿ ಒಂದು ಕಿಲೋಗ್ರಾಂ ತೂಗುತ್ತದೆ. ಹೆರಿಗೆಯಾದ ಆರು ವಾರಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಬಾಣಂತಿಗೆ ವಿಶ್ರಾಂತಿ ಬೇಕೆಂದ ಹಿರಿಯರ ಮಾತಿನಲ್ಲಿ ವಿವೇಕವಿತ್ತು.

ಗಂಡಿನ ಕಥೆ ಬೇರೆ. ಅವನ ವೃಷಣಗಳು ಭ್ರೂಣದ ಹೊಟ್ಟೆಯೊಳಗೆ ಬೆಳೆದು, ಏಳನೆಯ ತಿಂಗಳಿನಿಂದ ಹುಟ್ಟುವ ಹೊತ್ತಿನೊಳಗೆ ಕೆಳಗಿಳಿದು ಚೀಲವನ್ನು ಸೇರುತ್ತವೆ. ವೀರ್ಯಾಣು ತಯಾರಾಗಲು ಮೈಯ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖ ಬೇಕು. ಹುಟ್ಟಿದ ಕೂಸಿನಲ್ಲಿ ಅವು ಇಳಿಯದೆ ಉಳಿದಿದ್ದರೆ ವೈದ್ಯರಿಗೆ ತೋರಿಸಬೇಕು. ಹೆಣ್ಣಿನದು ಕೂಡಿಟ್ಟ ಬಂಡವಾಳ. ಗಂಡಿನದು ದಿನದಿನದ ದುಡಿಮೆ. ಹರೆಯದಿಂದ ಮುಪ್ಪಿನವರೆಗೆ ದಿನವೂ ಕೋಟಿಗಟ್ಟಲೆ ವೀರ್ಯಾಣುಗಳು ಹುಟ್ಟುತ್ತಿರುತ್ತವೆ. ಒಂದೊಂದು ಸಿದ್ಧವಾಗಲು ಎರಡು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ವಯಸ್ಸಾದಂತೆ ಆ ದುಡಿಮೆಯೂ ಕುಗ್ಗುತ್ತದೆ.

ಹೆಣ್ಣಿನ ಬಂಡವಾಳ ತೀರುವುದು ಸಾಮಾನ್ಯವಾಗಿ 45ರಿಂದ 50ರ ಸುಮಾರಿಗೆ. ಮುಟ್ಟು ನಿಲ್ಲುತ್ತದೆ, ಗರ್ಭಕೋಶ ಮತ್ತೆ ಕಿರಿದಾಗುತ್ತದೆ. ಮೈ ಬಿಸಿಯೇರುವುದು, ನಿದ್ದೆಗೆಡುವುದು, ಎಲುಬು ಸವೆಯುವುದು ಇವೆಲ್ಲ ಆ ಕಾಲದ ತೊಂದರೆಗಳು. ಇದು ರೋಗವಲ್ಲ. ಆದರೆ ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ನಾಚಿಕೆಯಿಂದ ಮುಚ್ಚಿಡಬಾರದು. ಆಗ ವೈದ್ಯರಲ್ಲಿಗೆ ಹೋಗಲೇಬೇಕು.

ಇಷ್ಟನ್ನೆಲ್ಲ ಹೇಳುವಾಗ ನನ್ನ ಕಣ್ಣ ಮುಂದೆ ನಿಲ್ಲುವವಳು ನನ್ನ ಚಿಗವ್ವ. ಮನೆಯ ಎಲ್ಲ ಕುಬಸಗಳಿಗೂ ಹೋಳಿಗೆ ಲಟ್ಟಿಸಿದವಳು ಅವಳು. ಉಡಿ ತುಂಬುವ ಹೊತ್ತಿಗೆ ಮಾತ್ರ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ಅವಳಿಗೆ ಮಕ್ಕಳಾಗಿರಲಿಲ್ಲ. ಅವಳನ್ನು ಗುಡಿ ಗುಡಿಗಳಿಗೆ ಕರೆದೊಯ್ದರು, ಹರಕೆ ಹೊರಿಸಿದರು, ಕಷಾಯ ಕುಡಿಸಿದರು. ಕಾಕಾನನ್ನು ಒಮ್ಮೆ ಪರೀಕ್ಷಿಸೋಣವೆಂದು ಯಾರಿಗೂ ಹೊಳೆಯಲಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆಂದು ಇಂದು ವೈದ್ಯರು ಹೇಳುತ್ತಾರೆ. ಬಂಜೆ ಎಂಬ ಮಾತು ನಮ್ಮಲ್ಲಿ ಬಾಯಿ ಬಾಯಿಗೆ ಬರುತ್ತದೆ. ಗಂಡಸಿಗೆ ಅಂಥ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ.

ಕನ್ನಡದಲ್ಲಿ ಈ ವಿಷಯಗಳನ್ನು ಹೇಳಲು ಬರುವುದಿಲ್ಲವೆಂಬ ನೆಪ ಈಗ ಉಳಿದಿಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ಅವರು ‘ಕೇಳು ಕಿಶೋರಿ’, ‘ತಾಯಿ ಮಗು’ ಮೊದಲಾದ ಪುಸ್ತಕಗಳಲ್ಲಿ ಇವನ್ನು ತಿಳಿಗನ್ನಡದಲ್ಲಿ ಹೇಳಿಕೊಟ್ಟರು. ಕೊರತೆಯಿರುವುದು ಪದಗಳಲ್ಲಲ್ಲ, ಅವನ್ನು ಆಡುವ ಧೈರ್ಯದಲ್ಲಿ.

ಕುಬಸ ಚೆಲುವಾದ ಆಚರಣೆ, ಅದು ಉಳಿಯಲಿ. ಆದರೆ ಮಣೆಯ ಸುತ್ತ ನಿಂತವರು ಅಲ್ಲಿ ಕುಳಿತ ಜೀವಗಳ ಕಥೆಯನ್ನು ತಿಳಿದು ನಿಲ್ಲಲಿ. ಆಗ ಬಾಗಿಲ ಮರೆಯಲ್ಲಿ ನಿಂತವಳನ್ನೂ ಕೈಹಿಡಿದು ಕರೆತಂದು, ಉಡಿ ತುಂಬಲು ಮೊದಲ ಬೊಗಸೆ ಅಕ್ಕಿಯನ್ನು ಅವಳ ಕೈಗೇ ಕೊಡುವ ದಿನ ಬರುತ್ತದೆ. ನನ್ನ ಚಿಗವ್ವನ ಪಾಲಿಗೆ ಆ ದಿನ ಬರಲಿಲ್ಲ.